ಗಾಡಿಗೂ ಅಳತೆ ತೆಗೆಯುವ ಸುಫಿಯಾ

ಹುಣಸೂರಿನಿಂದ ಕಟ್ಟೆಮಳಲವಾಡಿ ಕಡೆಗೆ ಹೋಗುವ ದಾರಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಏರು ರಸ್ತೆಯೊಂದರ ಬುಡದಲ್ಲಿ ಎರಡು ಎಲೆಕ್ಟ್ರಿಕ್ ಸ್ಕೂಟರ್‌ಗಳು ನಿಂತಿವೆ. ಒಂದು ನೀಲಿ, ಇನ್ನೊಂದು ಬೂದು. ಬುರ್ಖಾದ ಮೇಲೆ ಗಂಡಸರ ಸ್ವೆಟರ್ ಹಾಕಿಕೊಂಡ ಹೆಂಗಸೊಬ್ಬರು ರಸ್ತೆ ಬದಿಯ ಬೋರಿಂಗಿನಿಂದ ದೊಡ್ಡ ಸಾಂಬಾರ್ ಪಾತ್ರೆಗೆ ನೀರು ತುಂಬುತ್ತಿದ್ದಾರೆ. ಕೊರಳಲ್ಲಿ ದರ್ಜಿಯ ಅಳತೆ ಟೇಪು ನೇತಾಡುತ್ತಿದೆ.

"ಸಾಂಬಾರ್ ಚೆಲ್ಲಿದ್ರೆ ಹೊಟ್ಟೆ ಉರೀತದೆ ಸಾ. ನೀರಾದ್ರೆ ಬುಡಿ, ನೆಲ ಕುಡ್ಕತದೆ" ಎಂದು ನನಗೆ ಹೇಳುತ್ತಾರೆ.

ಇವರು ಸುಫಿಯಾ. ಹುಣಸೂರಿನ ಹಳೇ ಬೀದಿಯೊಂದರಲ್ಲಿ ಬ್ಲೌಸು, ನೈಟಿ ಹೊಲಿಯುವುದು ಕಸುಬು. ಆದರೆ ಎಲೆಕ್ಟ್ರಿಕ್ ಗಾಡಿ ಕೊಳ್ಳುವ ಮುಂಚೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಹೆಂಗಸರು ಈಗೀಗ ಇವರನ್ನು ಹುಡುಕಿಕೊಂಡು ಬರುತ್ತಾರೆ. ಎಷ್ಟು ದೂರ ಓಡುತ್ತದೆ ಎಂದು ಷೋರೂಮಿನವರು ಹೇಳುತ್ತಾರೆ, ಬಣ್ಣ ಯಾವುದು ಚೆಂದ ಎಂದು ಮನೆಯ ಗಂಡಸರು ಹೇಳುತ್ತಾರೆ. ಓಡಿಸಬೇಕಾದವಳ ಕಾಲು ನೆಲಕ್ಕೆ ತಾಗುತ್ತದೆಯೇ ಎಂದು ಕೇಳುವವರು ಇವರೊಬ್ಬರೇ. ಪರೀಕ್ಷೆಗೆ ಗಾಡಿ ಕೊಡಲು ಷೋರೂಮಿನವರು ಮೊದಮೊದಲು ಮೂಗು ಮುರಿದಿದ್ದರು. ಇವರು ನೋಡಿ ಕೊಡಿಸಿದ ಗಾಡಿ ಜಗಳವಾಗಿ ವಾಪಸ್ ಬರುವುದಿಲ್ಲ ಎಂದು ತಿಳಿದ ಮೇಲೆ ತಾವೇ ಕೀ ಕೊಡುತ್ತಾರೆ.

ಇವತ್ತು ಗಾಡಿ ಬೇಕಿರುವುದು ಕಟ್ಟೆಮಳಲವಾಡಿಯ ಪವಿತ್ರಾಗೆ. ಎಚ್.ಡಿ. ಕೋಟೆ ರಸ್ತೆಯ ಶುಂಠಿ ಹೊಲವೊಂದರ ಕೂಲಿಯವರಿಗೆ ಈಕೆ ದಿನಾ ಬೆಳಿಗ್ಗೆ ಇಡ್ಲಿ, ಸಾಂಬಾರ್ ಮುಟ್ಟಿಸುತ್ತಾಳೆ. ಹಳೇ ಮೊಪೆಡ್ ಕೈಕೊಟ್ಟ ಮೇಲೆ ಆಟೋಗಾಗಿ ಕಾಯುವುದಾಗಿದೆ, ತಿಂಡಿ ತಡವಾಗುತ್ತಿದೆ. ಹಸಿದುಕೊಂಡೇ ಹೊಲಕ್ಕಿಳಿದ ಆಳುಗಳ ಬೈಗುಳ ಕೇಳಿ ಸಾಕಾದ ಮೇಸ್ತ್ರಿ ಚಾಮಯ್ಯ, ಸೋಮವಾರದಿಂದ ಹೊತ್ತಿಗೆ ಸರಿಯಾಗಿ ಬಾರದಿದ್ದರೆ ಹೋಟೆಲಿನವರಿಗೆ ಹೇಳುತ್ತೇನೆ ಎಂದಿದ್ದಾನೆ. ಇವತ್ತು ಶುಕ್ರವಾರ. ಮನೆ ನಡೆಯುವುದೇ ಆ ಇಡ್ಲಿಯಿಂದ.

ಗಂಡ ಮಹೇಶ್‌ಕುಮಾರ್ ಕೂಡ ಬಂದಿದ್ದಾನೆ, ಕೈಕಟ್ಟಿ ನಿಂತಿದ್ದಾನೆ. ಅವನ ಮನಸ್ಸು ನೀಲಿ ಗಾಡಿಯ ಮೇಲೆ. ಸಂಜೆ ಅಡ್ವಾನ್ಸ್ ಕೊಡುವುದೆಂದು ಅವನಾಗಲೇ ತೀರ್ಮಾನಿಸಿಯೂ ಆಗಿದೆ.

ಸುಫಿಯಾ ಮೊದಲು ಟೇಪು ಹಿಡಿದು ಪವಿತ್ರಾಳ ಸೊಂಟದಿಂದ ಹಿಮ್ಮಡಿಯವರೆಗೆ ಅಳೆಯುತ್ತಾರೆ, ಆಮೇಲೆ ಎರಡೂ ಗಾಡಿಗಳ ಸೀಟಿನಿಂದ ನೆಲದವರೆಗೆ. ಅಳತೆ ಏನೆಂದು ಯಾರಿಗೂ ಹೇಳುವುದಿಲ್ಲ. "ಹೇಳಿದ್ರೆ ಜಗಳ ಆಯ್ತದೆ. ಓಡ್ಸಿದ್ರೆ ಗೊತ್ತಾಯ್ತದೆ."

ಅವರ ಇನ್ನೊಂದು ಪದ್ಧತಿ, ಪರೀಕ್ಷೆಯ ಹಿಂದಿನ ರಾತ್ರಿ ಗಾಡಿಗಳನ್ನು ಚಾರ್ಜಿಗೆ ಹಾಕಗೊಡದಿರುವುದು. "ಹೊಟ್ಟೆ ತುಂಬಿದ್ ಮೇಲೆ ಎಲ್ಲಾ ಗಾಡಿನೂ ಓಡ್ತವೆ. ಸುಸ್ತಾದಾಗ ಹೆಂಗ್ ಓಡ್ತದೆ, ಅದ್ ನೋಡ್ಬೇಕು."

ಪವಿತ್ರಾ ಮೊದಲು ಒಬ್ಬಳೇ ನೀಲಿ ಗಾಡಿ ಓಡಿಸುತ್ತಾಳೆ. ಗಾಡಿ ಸದ್ದಿಲ್ಲದೆ ಸುಯ್ಯೆಂದು ಏರು ಹತ್ತಿ ಇಳಿಯುತ್ತದೆ. "ನೋಡಿದ್ರಾ ಅಕ್ಕ?" ಎಂದು ಮಹೇಶ ಮೀಸೆ ಮೇಲೆ ಕೈಯಾಡಿಸುತ್ತಾನೆ.

"ನೋಡ್ದೆ ಕಣಪ್ಪ. ಈಗ ಹಿಂದೆ ನೀನ್ ಕೂತ್ಕೊ" ಎನ್ನುತ್ತಾರೆ ಸುಫಿಯಾ. "ಇಡ್ಲಿ ಲೋಡು ನೀನು. ಮುಂದ್ಗಡೆ ಸಾಂಬಾರ್ ಪಾತ್ರೆ."

ನೀಲಿ ಗಾಡಿಯಲ್ಲಿ ಕಾಲಿಡುವ ಜಾಗ ನಡುವೆ ಉಬ್ಬಿಕೊಂಡಿದೆ. ಹಗ್ಗ ಬಿಗಿದರೂ ಪಾತ್ರೆ ಓರೆಯಾಗಿಯೇ ಕೂರುತ್ತದೆ. ಅರ್ಧ ಏರು ಹತ್ತುತ್ತಿದ್ದಂತೆ ಸುಫಿಯಾ ಕೆಳಗಿನಿಂದ ಕೂಗುತ್ತಾರೆ. "ನಿಲ್ಸು! ಎದುರ್ಗೆ ದನ ಬಂತು ಅನ್ಕೊ!"

ಪವಿತ್ರಾ ಬ್ರೇಕ್ ಹಿಡಿದು ಕಾಲು ಊರಲು ನೋಡುತ್ತಾಳೆ. ನೆಲಕ್ಕೆ ತಾಗಿದ್ದು ಹೆಬ್ಬೆರಳ ತುದಿ ಮಾತ್ರ. ಗಾಡಿ ಎಡಕ್ಕೆ ವಾಲುತ್ತದೆ, ಪಾತ್ರೆ ಮಗುಚಿ ನೀರೆಲ್ಲ ರಸ್ತೆಗೆ ಹರಿಯುತ್ತದೆ. ಇಡ್ಲಿ ಲೋಡು ತಾನೇ ಹಾರಿ ಕೆಳಗಿಳಿದು, ಎರಡೂ ಕೈಯಲ್ಲಿ ಗಾಡಿ ಹಿಡಿದು ನಿಲ್ಲುತ್ತದೆ. ಪವಿತ್ರಾ ಇಳಿದು, ಮಗುಚಿದ ಪಾತ್ರೆಯನ್ನು ಹಗ್ಗದಿಂದ ಬಿಡಿಸುತ್ತಾಳೆ.

ಸುಫಿಯಾ ಆ ಕಡೆ ನೋಡದೆ ಮತ್ತೆ ನೀರು ತುಂಬಲು ಹೋಗುತ್ತಾರೆ. ಹಿಂದೊಮ್ಮೆ ಅವರೇ ಹೀಗೆ ವಾಲಿ ಬಿದ್ದಾಗ ಹಿಡಿಯಲು ಯಾರೂ ಇರಲಿಲ್ಲ. ಪತಿ ಜಾನ್ ಪಾಷಾ ಪ್ರೀತಿಯಿಂದ, ಇವರನ್ನು ಕೇಳದೆಯೇ, ಸ್ಕೂಟರೊಂದನ್ನು ತಂದುಕೊಟ್ಟಿದ್ದರು. ಪಿರಿಯಾಪಟ್ಟಣದ ಅಂಗಡಿಗೆ ನೈಟಿ ಮೂಟೆ ಹಾಕಿಕೊಂಡು ಹೋಗುವಾಗ ತಿರುವಿನಲ್ಲಿ ಕಾಲು ಊರಲಾಗದೆ ಉರುಳಿದರು. ಬಲಭುಜದ ಮೂಳೆ ಮುರಿಯಿತು. ಆ ಕೈ ಇವತ್ತಿಗೂ ತಲೆಯ ಮೇಲಕ್ಕೆ ಹೋಗುವುದಿಲ್ಲ. ಒಂದು ಮಳೆಗಾಲ ಪೂರ್ತಿ ಹೊಲಿಗೆ ಯಂತ್ರ ಮುಚ್ಚಿಯೇ ಇತ್ತು.

"ಗಾಡಿ ಕೆಟ್ಟದ್ದಲ್ಲ ಸಾ, ನಮ್ಮೆಜಮಾನ್ರೂ ಕೆಟ್ಟೋರಲ್ಲ. ಅದು ನನ್ನ ಅಳತೆದಾಗಿರ್ಲಿಲ್ಲ ಅಷ್ಟೇ. ಒಂದು ಬ್ಲೌಸ್ ಹೊಲ್ಸಕ್ಕೆ ಎರಡು ಸಲ ಅಳತೆ ಕೊಡೋ ಹೆಂಗಸ್ರು, ಗಾಡಿ ಮಾತ್ರ ಗಂಡನ ಅಳತೆದು ತಗತಾರೆ" ಎನ್ನುವಾಗ ಅವರ ದನಿಯಲ್ಲಿ ಸಿಟ್ಟು ಇದೆ.

ಈಗ ಬೂದು ಗಾಡಿಯ ಸರದಿ. ನೋಡಲು ಸಪ್ಪೆ, ಓಟವೂ ಸಪ್ಪೆ. ಆದರೆ ಕಾಲಿಡುವ ಜಾಗ ಮಣೆಯಂತೆ ಸಮನಾಗಿದೆ. ಮಹೇಶನನ್ನೂ ಪಾತ್ರೆಯನ್ನೂ ಹೊತ್ತು, ತುಂಬಿದ ಬಸುರಿ ಮೆಟ್ಟಿಲು ಹತ್ತುವ ಹಾಗೆ ನಿಧಾನವಾಗಿ ಹತ್ತುತ್ತದೆ. "ನಿಲ್ಸು!" ಪವಿತ್ರಾಳ ಎರಡೂ ಪಾದ ಪೂರ್ತಿ ನೆಲದ ಮೇಲಿವೆ. "ಹೊರಡು!" ಗಾಡಿ ಒಂದು ಗಳಿಗೆ ಯೋಚನೆ ಮಾಡಿ ಹೊರಡುತ್ತದೆ. ನೀರು ತುಳುಕಿದರೂ ಚೆಲ್ಲುವುದಿಲ್ಲ.

ಹಾಗೆಂದು ಸುಫಿಯಾ ಬೂದು ಗಾಡಿಯನ್ನು ಹೊಗಳುವುದಿಲ್ಲ. ಚಾರ್ಜು ಬೇಗ ಇಳಿಯುತ್ತದೆ, ಬ್ರೇಕ್ ಮೆತ್ತಗಿದೆ, ಸೀಟಿನ ಕೆಳಗೆ ಚಟ್ನಿ ಡಬ್ಬಿ ಹಿಡಿಯುವುದಿಲ್ಲ. "ಇದ್ರ ಬ್ಯಾಟ್ರಿ ಬಿಚ್ಬೋದು. ಹೊಲ್ದ ಪಂಪ್‌ಹೌಸಲ್ಲಿ ಚಾರ್ಜಿಗ್ ಹಾಕ್ಬುಡು. ಆಳುಗಳು ತಿನ್ನೋವಷ್ಟ್ರಲ್ಲಿ ವಾಪಸ್ ಬರೋವಷ್ಟು ಏರ್ತದೆ. ಕರೆಂಟಿಲ್ಲ ಅಂದ್ರೆ ಮಾತ್ರ ನೀನೇ ತಳ್ಬೇಕು, ನೋಡ್ಕೊ" ಎಂದು ಪವಿತ್ರಾಳಿಗೆ ಕಷ್ಟವನ್ನೂ ಹೇಳಿಬಿಡುತ್ತಾರೆ.

ಮಹೇಶ ಕೊನೆಯ ಪ್ರಯತ್ನ ಮಾಡುತ್ತಾನೆ. "ಅಜ್ಜಿ ಗಾಡಿ ಇದ್ದಂಗದೆ ಅಕ್ಕ. ಊರೋರೆಲ್ಲ ನಗ್ತಾರೆ."

"ನಗ್ಲಿ ಬುಡಪ್ಪ. ಬಾಯ್ತುಂಬ ಇಡ್ಲಿ ಇಟ್ಕಂಡು ಎಷ್ಟೊತ್ತು ನಗ್ತಾರೆ?"

ಪವಿತ್ರಾ ಬೂದು ಗಾಡಿಯ ಮೇಲೆ ಕುಳಿತೇ ಹೇಳುತ್ತಾಳೆ. "ಓಡ್ಸೋಳು ನಾನು ಕಣ್ರೀ. ನಂಗೆ ಇದೇ ಆಗ್ಬೇಕು." ಮಹೇಶ ನೀಲಿ ಗಾಡಿಯ ಕಡೆ ಒಮ್ಮೆ ನೋಡಿ, ಪಾತ್ರೆಯ ಹಗ್ಗ ಬಿಚ್ಚಲು ಬಗ್ಗುತ್ತಾನೆ.

ಗಾಡಿ ವಾಪಸ್ ಕೊಡಲು ಹೋಗುವ ದಾರಿಯಲ್ಲಿ ನಾನು ಸುಫಿಯಾ ಅವರನ್ನು ಕೇಳುತ್ತೇನೆ. ಇಷ್ಟು ಗಾಡಿ ಓಡಿಸಿದ್ದೀರಿ, ನಿಮಗೊಂದು ಬೇಡವೇ? ಅವರು ನಗುತ್ತಾರೆ. "ಎಲ್ಲಾ ಕಂಪ್ನಿದೂ ಓಡ್ಸಿವ್ನಿ ಸಾ. ಲೋಡ್ ಇಲ್ದೆ ಮಾತ್ರ ಒಂದ್ನೂ ಓಡ್ಸಿಲ್ಲ. ಒಂದ್ಸಲ ಸರಗೂರು ತಂಕ, ಯಾವ್ ಕೆಲ್ಸನೂ ಇಲ್ದೆ ಓಗಿ, ಒಂದು ಟೀ ಕುಡ್ದು ಬರ್ಬೇಕು ಅಂತ ಆಸೆ."

ಎರಡು ವಾರದ ಮೇಲೆ ಮತ್ತೆ ಹುಣಸೂರಿಗೆ ಹೋದಾಗ ಅವರು ಅಂಗಡಿಯಲ್ಲಿ ಬ್ಲೌಸಿಗೆ ಕಾಜಾ ಹಾಕುತ್ತಾ ಕುಳಿತಿದ್ದಾರೆ. ಬಾಗಿಲಲ್ಲಿ ಬೂದು ಗಾಡಿ ಬಂದು ನಿಂತದ್ದು ಇಬ್ಬರಿಗೂ ಗೊತ್ತಾಗುವುದಿಲ್ಲ. ಪವಿತ್ರಾ ಹೊಲದಿಂದ ಬರುತ್ತಿದ್ದಾಳೆ, ಪಾತ್ರೆ ಬರಿದು. "ಸದ್ದಿಲ್ದೆ ಬಂದು ನಿಂತ್ಕಂಬುಡ್ತೀಯ, ತಟ್ಟೆ ತೊಳ್ಯಕ್ಕೂ ಪುರ್ಸೊತ್ತಿಲ್ಲ ಅಂತ ಮೇಸ್ತ್ರಿ ಬಯ್ತಾನೆ" ಎಂದು ನಗುತ್ತಾ ಪಾತ್ರೆ ಇಳಿಸಿ ಕೀ ಚಾಚುತ್ತಾಳೆ. "ಅಂಗ್ಡಿ ನಾನ್ ನೋಡ್ಕತೀನಿ. ಓಗ್ಬನ್ನಿ ಅಕ್ಕ."

ಸುಫಿಯಾ ಟೇಪನ್ನು ಮೊಳೆಗೆ ತೂಗುಹಾಕುತ್ತಾರೆ. ಗಾಡಿಯ ಮೇಲೆ ಕುಳಿತು ಚಾರ್ಜು ನೋಡಿ, "ಸರಗೂರಿಗೆ ಸಾಲ್ದು ಕಣೆ" ಎನ್ನುತ್ತಾರೆ.

"ಎಲ್ಲೀಗಂಟ ಸಾಲ್ತದೋ ಅಲ್ಲೀಗಂಟ ಓಗಿ."

ಹೋದವರು ಟೀ ಆರುವಷ್ಟು ಹೊತ್ತು ಬಿಟ್ಟು ವಾಪಸ್ ಬರುತ್ತಾರೆ. ತಲೆಯ ಮೇಲಿನ ಬಟ್ಟೆ ಜಾರಿದೆ, ಅದರ ಪರಿವೆ ಇಲ್ಲ. ಗಾಡಿ ಹೇಗಿದೆ, ಬ್ರೇಕ್ ಸರಿಯಾಯಿತೇ ಎಂದು ಕೇಳುತ್ತೇನೆ.

"ಗೊತ್ತಿಲ್ಲ ಸಾ" ಎನ್ನುತ್ತಾರೆ ಸುಫಿಯಾ. "ಇವತ್ತು ನಾನು ಗಾಡಿ ನೋಡ್ಲೇ ಇಲ್ಲ."