ರಾಜನಿಗೆ ಕೊನೆಯ ಲೋಟ

ನಮ್ಮ ನಾಟಕದ ಮೇಷ್ಟ್ರ ಪಾದಗಳು ಸುಮ್ಮನಿದ್ದುದನ್ನು ನಾನು ಕಂಡಿದ್ದು ಎರಡೇ ಸಲ. ನಲವತ್ತು ವರ್ಷ ಕಾಲು ಹಾರ್ಮೋನಿಯಂ ತುಳಿದು ತುಳಿದು, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತರೂ ಅವು ಮೇಲೆ ಕೆಳಗೆ ಆಡುತ್ತಲೇ ಇರುತ್ತಿದ್ದವು. "ಎಲ್ಲಿಗ್ ಮೇಷ್ಟ್ರೇ ಸೈಕಲ್ ಹೊಡೀತಿದ್ದೀರಾ?" ಎಂದು ರೇಗಿಸಿದರೆ, "ನಿಮ್ಮಪ್ಪನ್ ಮದ್ವೆಗೆ ಕಣೋ" ಎನ್ನುತ್ತಿದ್ದರು.

ಘಾಟಿ ಕಡೆಯ ನಮ್ಮೂರಿಗೆ ಅವರು ಸಂಜೆ ಬಸ್ಸಿಗೆ ಬಂದು ಭಜನೆ ಮನೆಯಲ್ಲಿ ನಾಟಕ ಕಲಿಸುತ್ತಿದ್ದರು. ಆ ವರ್ಷದ್ದು ಅವರೇ ಬರೆದ ನಾಟಕ. ಯಾವ ಪುರಾಣದಲ್ಲೂ ಇಲ್ಲದ ಒಂದು ರಾಜ್ಯ. ಅಲ್ಲಿನ ಯುವರಾಜ ಗುರುಕುಲದಲ್ಲಿ ಕಲಿತು ಬಂದು, ಸೇನಾಪತಿಯಾಗಿ ಕೋಟೆ ಉಳಿಸುವ ಕಥೆ. ಪಟೇಲರ ಮನೆಯ ಮೊಮ್ಮಗನೆಂದು ಯುವರಾಜನ ಪಾರ್ಟು ಕೇಳದೆಯೇ ನನಗೆ ಬಂತು. ಕಿರೀಟ ಹಾಕಿದ ನನ್ನ ಫೋಟೊದ ಫ್ಲೆಕ್ಸ್ ಆಗಲೇ ಬಸ್ ಸ್ಟಾಪಿನಲ್ಲಿ ಎದ್ದು ನಿಂತಿತ್ತು. ಕೂಲಿಂಗ್ ಗ್ಲಾಸ್ ಬೇರೆ ಹಾಕಿದ್ದೆ.

ಒಂದು ಸಂಜೆ ಪ್ರಾಕ್ಟೀಸಿನ ಮಧ್ಯೆ ಟೀ ಬಂತು. ಸಿಂಹಾಸನವೆಂದು ಇಟ್ಟಿದ್ದ ಪ್ಲಾಸ್ಟಿಕ್ ಕುರ್ಚಿಯಿಂದ ಏಳದೆ, ಮೊದಲ ಲೋಟ ತೆಗೆದು ಕುಡಿದೆ. ಹಾರ್ಮೋನಿಯಂ ನಿಂತುಹೋಯಿತು. ನೋಡಿದರೆ, ಮೇಷ್ಟ್ರ ಪಾದಗಳೂ ನಿಂತಿದ್ದವು.

"ಯುವರಾಜ್ರು ಕುಡುದ್ರಾ?"

"ಹೂಂ ಮೇಷ್ಟ್ರೇ."

"ಸೈನ್ಯ ಕುಡೀತಾ?"

ಎಲ್ಲರೂ ನಕ್ಕರು. "ನಾಟಕ ತಾನೆ, ಬಿಡಿ ಮೇಷ್ಟ್ರೇ" ಎಂದೆ.

"ಪದ ಚೆನ್ನಾಗ್ ಹಾಡ್ತೀಯ ಕಣಪ್ಪಾ, ಆಳೋಕ್ ಬರಲ್ಲ ನಿಂಗೆ. ಸೈನ್ಯಕ್ಕೆ ಕೊಟ್ಟು ಮಿಕ್ಕಿದ್ದು ರಾಜಂದು. ಅದು ಗೊತ್ತಾಗೋವರ್ಗೂ ಭರ್ಜಿ ಹಿಡ್ಕೊಂಡ್ ನಿಂತ್ಕೊ. ಆಮೇಲ್ ಕಿರೀಟ ಕೊಡ್ತೀನಿ."

ಮೈಯೆಲ್ಲ ಉರಿದುಹೋಯಿತು. ಫ್ಲೆಕ್ಸಿನಲ್ಲಿ ಯುವರಾಜ, ಸ್ಟೇಜಿನ ಮೇಲೆ ಕಾವಲುಗಾರ! ನೆಂಟರಿಷ್ಟರೆಲ್ಲ ಬರುವವರಿದ್ದರು. ನಾಟಕವೇ ಬಿಟ್ಟೆ ಎಂದು ಮನೆಯಲ್ಲಿ ಕೂಗಾಡಿದೆ. ರಾಗಿ ಕೇರುತ್ತಿದ್ದ ಅಜ್ಜಿ ತಲೆ ಎತ್ತದೆ, "ಹೋಗ್ ನಿಂತ್ಕೊ ಹೋಗ್ಲಾ, ನಿಂತ್ರೆ ಕಾಲೇನ್ ಸವೆದೋಗಲ್ಲ" ಎಂದಳು. ಹೋದೆ.

ಭರ್ಜಿ ಎಂದರೆ ಒಂದು ಬಿದಿರಿನ ಗಳ. ಅದನ್ನು ಹಿಡಿದು ಎರಡು ಗಂಟೆ ಅಲ್ಲಾಡದೆ ನಿಲ್ಲುವುದೆಂದರೆ ಏನೆಂದು ಆಗ ಗೊತ್ತಾಯಿತು. ಹಿಮ್ಮಡಿ ಸಿಡಿಯುತ್ತಿತ್ತು. ನನ್ನ ಮಾತುಗಳನ್ನು ಮೇಷ್ಟ್ರೇ ಹೇಳಿಕೊಂಡು ಪ್ರಾಕ್ಟೀಸು ನಡೆಸುತ್ತಿದ್ದರು. ನನ್ನತ್ತ ತಿರುಗಿಯೂ ನೋಡುತ್ತಿರಲಿಲ್ಲ, ಆಸಾಮಿ. ಟೀ ಮುಂದಿನಿಂದ ಹಂಚಿಕೊಂಡು ನಮ್ಮ ಸಾಲಿಗೆ ಬರುವಷ್ಟರಲ್ಲಿ ಆರಿಹೋಗಿರುತ್ತಿತ್ತು. ನನ್ನ ಆಚೆಗೆ, ಸಾಲಿನ ಕೊನೆಯಲ್ಲಿ ನಿಲ್ಲುತ್ತಿದ್ದ ಹಾಲಿನ ಡೈರಿಯ ಗಂಗಣ್ಣನಿಗಂತೂ ಎಷ್ಟೋ ದಿನ ಬರೀ ಚರಟ. ಆ ಮನುಷ್ಯ ಒಂದು ದಿನವೂ ಬಾಯಿಬಿಟ್ಟಿರಲಿಲ್ಲ. ಒಂದು ತಿಂಗಳು ಎದುರಿಗೇ ಕುರ್ಚಿಯಲ್ಲಿ ಕೂತಿದ್ದ ನಾನು ಅದನ್ನು ನೋಡಿರಲೂ ಇಲ್ಲ. ನಿಜವಾಗಿ ನಾಚಿಕೆಯಾಯಿತು.

ನಾಟಕಕ್ಕೆ ಇನ್ನು ನಾಲ್ಕೇ ದಿನ. ಟೀ ಬಂದಾಗ ಭರ್ಜಿಯನ್ನು ಗೋಡೆಗೆ ಒರಗಿಸಿ, ಕ್ಯಾನು ನಾನೇ ತೆಗೆದುಕೊಂಡು ಗಂಗಣ್ಣನಿಂದ ಶುರುಮಾಡಿ ಹಂಚಿದೆ. ಕೊನೆಗೆ ನನಗೇ ಉಳಿಯಲಿಲ್ಲ. ಕ್ಯಾನು ಕೆಳಗಿಡುವಷ್ಟರಲ್ಲಿ ಹಿಂದಿನಿಂದ ಯುವರಾಜನ ಪದದ ಮಟ್ಟು ಕೇಳಿಸಿತು. ಮೇಷ್ಟ್ರು ಹಾರ್ಮೋನಿಯಂ ತುಳಿಯುತ್ತಾ, "ಹಾಡಪ್ಪಾ, ಏನ್ ಮುಖ ನೋಡ್ತೀಯ. ಶ್ರುತಿ ಕಾಯ್ತೈತೆ" ಎಂದರು. ಭರ್ಜಿಯನ್ನು ಗೋಡೆಗೇ ಬಿಟ್ಟು ಮುಂದೆ ಬಂದು ಹಾಡಿದೆ.

ಈಗ ದಾಬಸ್‌ಪೇಟೆಯ ಗೋದಾಮೊಂದರಲ್ಲಿ ನನ್ನ ಕೈಕೆಳಗೆ ಮೂವತ್ತು ಜನ ಇದ್ದಾರೆ. ಟೀ ಕ್ಯಾನು ಬಂದರೆ ಲಾರಿಯಿಂದ ಲೋಡು ಇಳಿಸುವವರಿಂದ ಶುರು. "ನಮ್ ಸಾರ್ ಯಾವಾಗ್ಲೂ ಲಾಸ್ಟು ಗುರು" ಎಂದು ಹುಡುಗರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ನಾನು ನೆಮ್ಮದಿಯಾಗಿದ್ದೇನೆ.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಚಾಪೆಯ ಮೇಲೆ ಆ ಪಾದಗಳು ಜೋಡಿಸಿಕೊಂಡು ಸುಮ್ಮನಿದ್ದವು. ಮಣ್ಣು ಮಾಡಿ ಬಂದು ಅವರ ಮನೆ ಮುಂದೆ ಕೂತೆವು. ಸುತ್ತಮುತ್ತಲ ಊರುಗಳಲ್ಲಿ ಅವರಿಂದ ರಾಜ, ಮಂತ್ರಿ, ಸೇನಾಪತಿ ಆದವರೆಲ್ಲ ಅಲ್ಲಿದ್ದರು. ಪಕ್ಕದ ಮನೆಯವರು ಟೀ ಕಾಯಿಸಿ ಕೊಟ್ಟರು. ಮೇಷ್ಟ್ರ ಮಗಳು ತಟ್ಟೆ ಹಿಡಿದು ಬಂದಳು.

"ನೀವ್ ತಗೊಳಿ."

"ಇಲ್ಲ ಇಲ್ಲ, ಮೊದ್ಲು ಅವ್ರಿಗ್ ಕೊಡಿ."

ತಟ್ಟೆ ಕೈಯಿಂದ ಕೈಗೆ ಸುತ್ತಿ ಹೊರಟಲ್ಲಿಗೇ ಬಂತು. ಒಬ್ಬರೂ ಲೋಟ ಎತ್ತಿರಲಿಲ್ಲ. ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಅಳುತ್ತಲೇ ಎಲ್ಲರೂ ನಕ್ಕೆವು.

"ಕುಡೀರಣ್ಣಾ, ಬೆಳಗ್ಗಿಂದ ನನ್ ಗಂಟ್ಲಿಗೂ ಏನೂ ಬಿದ್ದಿಲ್ಲ" ಎಂದಳು ಮಗಳು. "ನೀವೆಲ್ಲ ಕುಡುದ್ರೆ ತಾನೆ ನಾನ್ ಕುಡಿಯೋದು?"