ಎಳ್ಳು ಬೀರುವ ಆಟ

ಠಣ್.

ಸಕ್ಕರೆಯ ಸ್ಟೀಲ್ ಡಬ್ಬಿಯ ಮುಚ್ಚಳ ತೆರೆಯುವ ಸದ್ದು. ಹ್ಯಾರಿಸ್‌ಡೇಲ್ ಬಡಾವಣೆಯ ಆ ಅಡುಗೆಮನೆಯಲ್ಲಿ ಬೆಳಗಿನಿಂದ ಅದು ಹದಿನಾಲ್ಕನೆಯ ಸಲ. ಪದ್ಮಾ ಸದ್ದು ರೆಕಾರ್ಡ್ ಮಾಡಲು ಫೋನನ್ನು ಡಬ್ಬಿಯ ಹತ್ತಿರ ಹಿಡಿದು, ಉಸಿರು ಬಿಗಿಹಿಡಿದು, ಮುಚ್ಚಳವನ್ನು ಮತ್ತೆ ಎತ್ತಿದಳು.

"ಆ ಸಕ್ಕರೆ ನನ್ನ ಕಾಫಿಗೆ ಸಿಗತ್ತೋ, ಇಲ್ಲ ಅದೂ ಕಾಲೇಜಿಗೆ ಹೊರಟಿದೆಯೋ?" ಎಂದ ಗಂಡ ಚಂದ್ರಮೌಳಿ. ಕ್ಲಿನಿಕ್ಕಿನಲ್ಲಿ ಎಲ್ಲರಿಗೂ ಸಕ್ಕರೆ ಬಿಡಿ ಎನ್ನುವ ಡಾಕ್ಟರು ಮನೆಯಲ್ಲಿ ಎರಡು ಚಮಚಕ್ಕೆ ಕಡಿಮೆ ಕುಡಿದವನಲ್ಲ.

"ಮಾತಾಡ್ಬೇಡಿ ಅಂದೆನಲ್ಲ! ನೋಡಿ, ನಿಮ್ಮ ದನಿನೂ ಸೇರ್ಕೊಂಡ್ಬಿಡ್ತು."

ಐವತ್ತಮೂರನೆಯ ವಯಸ್ಸಿನಲ್ಲಿ ಪದ್ಮಾ ವಿಡಿಯೋ ಗೇಮ್ ವಿನ್ಯಾಸ ಕಲಿಯುತ್ತಿದ್ದಳು. ಮಗಳು ಪೂರ್ವಿ ಓದಲು ಬ್ರಿಸ್ಬೇನಿಗೆ ಹೋದ ಮೇಲೆ, ಅವಳು ಬಿಟ್ಟುಹೋದ ಗೇಮ್ ಯಂತ್ರದ ಧೂಳು ಒರೆಸಲು ಹೋದವಳು ಒಂದು ಮಧ್ಯಾಹ್ನ ಅದನ್ನು ಆನ್ ಮಾಡಿ ಕುಳಿತಳು. ಮರುವರ್ಷ ಬೆಂಟ್ಲಿ ಕಡೆಯ ಸಮುದಾಯ ಕಾಲೇಜಿನಲ್ಲಿ ಹೆಸರು ಬರೆಸಿದಳು. ತರಗತಿಯಲ್ಲಿ ಉಳಿದವರೆಲ್ಲ ಇಪ್ಪತ್ತರ ಆಸುಪಾಸಿನವರು. ಅವರು ಅವಳನ್ನು 'ಪ್ಯಾಡ್ಸ್' ಎಂದು ಕರೆದರು. ಅವಳು ಅವರಿಗೆ ಚಕ್ಕುಲಿ ತಿನ್ನಿಸಿದಳು.

ಅವಳು ಕಟ್ಟಿದ ಆಟದಲ್ಲಿ ಅದು ಸಂಕ್ರಾಂತಿಯ ಸಂಜೆ. ಗೆಜ್ಜೆ ತೊಟ್ಟ ಪುಟ್ಟ ಹುಡುಗಿ ಐದು ಬಟ್ಟಲುಗಳಲ್ಲಿ ಎಳ್ಳುಬೆಲ್ಲ ಹಿಡಿದು ಐದು ಮನೆಗಳಿಗೆ ಬೀರಬೇಕು. ಗಂಟೆ ಒತ್ತಿದರೆ ಬಾಗಿಲು ತೆರೆಯುತ್ತದೆ, ಮನೆಯವರು ಬಟ್ಟಲು ಒಳಗೆ ಒಯ್ಯುತ್ತಾರೆ, ಬಾಗಿಲು ಮುಚ್ಚಿಕೊಳ್ಳುತ್ತದೆ. ಅದರಲ್ಲಿ ಸಕ್ಕರೆ ಅಚ್ಚೋ ಬಾಳೆಹಣ್ಣೋ ಇಟ್ಟು ಅವರು ಮರಳಿ ತರುವವರೆಗೆ ಹುಡುಗಿ ಕಾಯಬೇಕು. ಐದು ಬಟ್ಟಲೂ ತುಂಬಿ ಮನೆಗೆ ಬಂದರೆ ಆಟ ಮುಗಿಯಿತು. ಕಾಯಬೇಕು ಎಂದು ಮಾತ್ರ ಆಟದಲ್ಲಿ ಎಲ್ಲೂ ಇರಲಿಲ್ಲ. ಅದನ್ನೂ ಹೇಳಿಕೊಡಬೇಕಾದೀತು ಎಂದು ಮೈಸೂರಿನಲ್ಲಿ ಬೆಳೆದ ಪದ್ಮಾಳಿಗೆ ಹೊಳೆದಿರಲೇ ಇಲ್ಲ.

ಆಟವನ್ನು ಅಪರಿಚಿತರ ಕೈಗೆ ಕೊಟ್ಟು ನೋಡುವುದು ಆ ವಿದ್ಯೆಯ ಪದ್ಧತಿ. ಕಟ್ಟಿದವರು ಆಗ ತುಟಿ ಬಿಚ್ಚುವಂತಿಲ್ಲ. ಮೊದಲ ಸಲ ಬಂದವಳು ಐದು ಮನೆಗೂ ಬಟ್ಟಲು ಕೊಟ್ಟು ಓಡಿ, ಆಮೇಲೆ ಬೀದಿಯಲ್ಲಿ ಇಪ್ಪತ್ತು ನಿಮಿಷ ಸುತ್ತಿದಳು. ಎರಡನೆಯ ಸಲ ಪದ್ಮಾಳಿಗೇ ತಡೆಯಲಾಗಲಿಲ್ಲ. "ನಿಲ್ಲಪ್ಪಾ, ಬರ್ತಾರೆ!" ಎಂದು ಕನ್ನಡದಲ್ಲೇ ಕೂಗಿಬಿಟ್ಟಳು. ಟೀಚರ್ ಬ್ರಾನ್ವಿನ್ ನಕ್ಕರೂ ಆ ಪರೀಕ್ಷೆಯನ್ನು ರದ್ದು ಮಾಡಿದಳು. ಇವತ್ತಿನದು ಮೂರನೆಯದು, ಕೊನೆಯದು. ಒಬ್ಬ ಅಪರಿಚಿತ ಯಾರ ನೆರವೂ ಇಲ್ಲದೆ ಮುಗಿಸಿದರೆ ಆಟ ವರ್ಷಾಂತ್ಯದ ಪ್ರದರ್ಶನಕ್ಕೆ ಹೋಗುತ್ತದೆ. ಇಲ್ಲವಾದರೆ ಎರಡು ವರ್ಷದ ಕೆಲಸ ಅವಳ ಕಂಪ್ಯೂಟರಿನಲ್ಲೇ ಉಳಿಯುತ್ತದೆ.

ಡಬ್ಬಿಯ ಸದ್ದನ್ನು ಆಟಕ್ಕೆ ಸೇರಿಸಿ ಕಾಲೇಜಿನ ಬಸ್ಸಿನಲ್ಲಿ ಕುಳಿತಾಗ ಅವಳಿಗೆ ಅಡಿಲೇಡಿನ ಮೊದಲ ಸಂಕ್ರಾಂತಿ ನೆನಪಾಯಿತು. ಆಗ ಆ ಊರಿನ ಗ್ಲೆನೆಲ್ಗ್‌ನಲ್ಲಿ ಮನೆ, ಕಂಕುಳಲ್ಲಿ ಪೂರ್ವಿ. ಎದುರು ಮನೆಯಾಕೆಗೆ ಬಟ್ಟಲು ಕೊಟ್ಟಳು. ಆಕೆ ಬಾಯಿತುಂಬ ಥ್ಯಾಂಕ್ಯೂ ಹೇಳಿ ಬಾಗಿಲು ಹಾಕಿಕೊಂಡಳು. ಪದ್ಮಾ ಹತ್ತು ನಿಮಿಷ ಅಲ್ಲೇ ನಿಂತಿದ್ದಳು. ಒಳಗೆ ಟಿವಿ ಹಾಡುತ್ತಿತ್ತು. ಎರಡು ವಾರದ ನಂತರ ಬಟ್ಟಲು ಫಳಫಳ ತೊಳೆಸಿಕೊಂಡು ಕಾಲೊರಸಿನ ಮೇಲೆ ಬಂದು ಕೂತಿತ್ತು, ಬರಿದಾಗಿ. ಆಕೆ ಒಳ್ಳೆಯವಳೇ. ಹೊರಗೆ ಒಬ್ಬಳು ಕಾಯುತ್ತಿದ್ದಾಳೆಂದು ಅವಳಿಗೆ ತಿಳಿಯುವುದಾದರೂ ಹೇಗೆ?

ಡಬ್ಬಿಯ ಸದ್ದು ಹೊಳೆದದ್ದು ಅಲ್ಲಿಂದಲೇ. ಬಾಗಿಲು ಮುಚ್ಚಿದರೂ ಒಳಗೆ ಯಾರೋ ತನಗಾಗಿ ಡಬ್ಬಿ ತೆಗೆಯುತ್ತಿರುವುದು ಕೇಳಿಸಿದರೆ, ಹೊರಗಿದ್ದವರು ನಿಂತಾರು.

ಆಟ ಆಡಲು ಬಂದವನು ಪಕ್ಕದ ಪ್ಲಂಬಿಂಗ್ ತರಗತಿಯ ಟ್ರೆವರ್. ನಲವತ್ತರ ಗಡ್ಡದ ಆಳು. ಪದ್ಮಾ ತನ್ನ ಬಾಯಿಯನ್ನು ನಂಬದೆ ತಾನಾಗಿ ಕೋಣೆಯ ಹೊರಗೆ ಹೋಗಿ ನಿಂತಳು. ಬಾಗಿಲು ಅರ್ಧ ತೆರೆದಿತ್ತು. ಆಗಲೇ ಚಂದ್ರಮೌಳಿಯ ಫೋನು.

"ಶುರುವಾಯ್ತಾ? ಯಾರು ಆಡ್ತಿರೋದು?"

"ಪ್ಲಂಬರ್ ಅಂತೆ," ಅವಳು ಪಿಸುಗುಟ್ಟಿದಳು. "ವೀಕೆಂಡಲ್ಲಿ ಮನೆಮನೆಗೆ ಪಾರ್ಸೆಲ್ ಹಾಕ್ತಾನಂತೆ."

"ಪಾರ್ಸೆಲ್ಲಾ? ಮುಗೀತು ಬಿಡು. ಬೆಲ್ ಒತ್ತಿ ಓಡೋದೇ ಅವನ ಕಸುಬು! ಸುಲೋಚನಾನ ಕರ್ಕೊಂಡ್ಹೋಗು ಅಂದ್ರೆ ಕೇಳ್ಲಿಲ್ಲ. ಪ್ರತಿ ವರ್ಷ ನಮ್ಮನೆಗೆ ಎಳ್ಳು ಬೀರೋಳು, ಐದು ನಿಮಿಷದಲ್ಲಿ ಆಟ ಮುಗಿಸ್ತಿದ್ಲು."

"ಗೊತ್ತಿರೋರಿಗೆ ನಾನ್ಯಾಕ್ರೀ ಆಟ ಮಾಡ್ಬೇಕು? ಸುಮ್ನಿರಿ."

ಒಳಗೆ ಆಟದ ಗಂಟೆ ಸದ್ದಾಯಿತು. ಬಾಗಿಲು ತೆರೆಯಿತು, ಮುಚ್ಚಿತು. ಘಲ್ ಘಲ್ ಘಲ್. ಡಬ್ಬಿಯ ಸದ್ದಿಗೂ ಮುಂಚೆ ಹುಡುಗಿ ಓಡಿದಳು. ಪದ್ಮಾ ಸೆರಗಿಲ್ಲದ ಅಂಗಿಯ ಅಂಚನ್ನೇ ಬಾಯಿಗೆ ತುರುಕಿಕೊಂಡಳು. ಎರಡನೆಯ ಮನೆಯ ಗಂಟೆ. ಬಾಗಿಲು. ಘಲ್, ಘಲ್...

ಠಣ್.

ಗೆಜ್ಜೆ ನಿಂತಿತು.

"ಏನಾಯ್ತೇ?"

ಅವಳು ಬಾಗಿಲ ಕಡೆ ಕಿವಿಗೊಟ್ಟಳು. ಒಳಗೆ ಯಾವ ಸದ್ದೂ ಇರಲಿಲ್ಲ. ಕುರ್ಚಿ ಸಹ ಕಿರುಗುಟ್ಟಲಿಲ್ಲ. ಆಮೇಲೆ ಬಾಗಿಲು ತೆರೆದ ಸದ್ದು, ಅದರ ಹಿಂದೆಯೇ ಟ್ರೆವರನ ದಪ್ಪ ನಗು: "ಓಹ್, ನನಗಾ?" ಘಲ್ ಘಲ್ ಎಂದು ಹುಡುಗಿ ಮೊದಲ ಮನೆಗೆ ಹಿಂದಿರುಗಿದಳು.

"ಎರಡನೇ ಮನೇಲಿ ನಿಂತ ಕಣ್ರೀ," ಎಂದಳು ಪದ್ಮಾ. "ಪಾರ್ಸೆಲ್ ಹಾಕೋನು ನಿಂತ್ಬಿಟ್ಟ."

"ನಿಂತ್ನಾ? ಹಾಗಾದ್ರೆ ಪಾಸಾ? ಅಲ್ಲಾ, ಇನ್ನೂ ಮೂರು ಮನೆ ಇದ್ಯಲ್ಲ?"

ಅವಳು ಎಣಿಸಿದಳು. ಮೂರನೆಯದು. ನಾಲ್ಕನೆಯದು. ಐದನೆಯ ಮನೆಯಲ್ಲಿ ಡಬ್ಬಿಯ ಸದ್ದು ಬರುವ ಮೊದಲೇ ಗೆಜ್ಜೆ ಸುಮ್ಮನಾಗಿತ್ತು.

"ಲೇ, ಇದೀಯಾ? ಸಾಯಂಕಾಲ ಸುಲೋಚನಾನ ಮನೆಗೆ ಕರೀಲಾ? ಪೂರ್ವಿಗೂ ಫೋನ್ ಮಾಡಿ..."

ಆಟದ ಕೊನೆಯಲ್ಲಿ ಹುಡುಗಿ ಹೊಸ್ತಿಲು ತಲುಪಿದಾಗ ಅಮ್ಮ ಕೂಗುತ್ತಾಳೆ. ಪದ್ಮಾಳದ್ದೇ ದನಿ, ತಿಂಗಳುಗಳ ಹಿಂದೆ ಅದೇ ಅಡುಗೆಮನೆಯಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿದ್ದು. ಅರ್ಧ ತೆರೆದ ಬಾಗಿಲಿನಿಂದ ಅದು ಈಗ ಹೊರಗೆ ಬಂತು: "ಬಂದ್ಯಾ ಪುಟ್ಟಿ? ಬಾ, ಒಳಗೆ ಬಾ."

ಫೋನಿನಲ್ಲಿ ಚಂದ್ರಮೌಳಿ ಪಾಯಸಕ್ಕೆ ಶಾವಿಗೆ ತರಲೋ ಸಬ್ಬಕ್ಕಿ ತರಲೋ ಎಂದು ಕೇಳುತ್ತಲೇ ಇದ್ದ. ಪದ್ಮಾ ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಒಳಗೆ ನಡೆದಳು.