ಅತ್ತೆಗೆ ಕೊಟ್ಟ ಕಿಟಕಿ ಸೀಟು

ನನ್ನ ಅತ್ತೆ, ಎಂದರೆ ಹೆಂಡತಿಯ ತಾಯಿ, ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ಹೊರಡುವ ದಿನ ಬೆಳಿಗ್ಗೆ ಎದ್ದಾಗಿನಿಂದ ನೀರು ಮುಟ್ಟುತ್ತಿರಲಿಲ್ಲ. ಬಸ್ಸಿನಲ್ಲಿ ಆರೇಳು ಗಂಟೆಯ ದಾರಿ. ನಡುವೆ ಎರಡು ಕಡೆ ನಿಲ್ಲಿಸುತ್ತಾರೆ. ಗಂಡಸರೆಲ್ಲ ಇಳಿಯುತ್ತಾರೆ. ಹೆಂಗಸರಲ್ಲಿ ಕೆಲವರು ಇಳಿದು, ಅಲ್ಲಿನ ಬಾಗಿಲು ನೋಡಿ, ಹಾಗೆಯೇ ಹತ್ತಿ ಕೂರುತ್ತಾರೆ. ಅತ್ತೆ ನಮ್ಮ ಮನೆಗೆ ಬಂದವರೇ ಯಾರನ್ನೂ ಮಾತಾಡಿಸದೆ ನೇರ ಒಳಗೆ ಹೋಗಿ, ಹೊರಗೆ ಬಂದು, ಒಂದು ಚೊಂಬು ನೀರು ಕುಡಿದು, ಆಮೇಲೆ "ಬಾಗುನ್ನಾರಾ ಅಲ್ಲುಡುಗಾರೂ?" ಎಂದು ಅಳಿಯನಾದ ನನ್ನ ಕ್ಷೇಮ ವಿಚಾರಿಸುತ್ತಿದ್ದರು. ಇದನ್ನು ಇಪ್ಪತ್ತಾರು ವರ್ಷ ನೋಡಿದ್ದೇನೆ.

ನೋಡಿದ್ದು ಮಾತ್ರವಲ್ಲ, ಅಚ್ಚೂ ಮಾಡಿಸಿದ್ದೇನೆ. ವಿಶಾಖಪಟ್ಟಣದ ದಿನಪತ್ರಿಕೆಯೊಂದರಲ್ಲಿ ನನ್ನ ಕೆಲಸ. ಹೆದ್ದಾರಿಯ ಬಸ್ ನಿಲ್ದಾಣಗಳಲ್ಲಿ ಹೆಂಗಸರ ಶೌಚಾಲಯದ ಸ್ಥಿತಿ ಕುರಿತು ಒಮ್ಮೆ ನಾಲ್ಕು ಕಂತು ಬರೆದಿದ್ದೆ. ನೀರು ಕುಡಿಯದೆ, ಕೂತಲ್ಲಿಂದ ಏಳದೆ ದೂರ ಪ್ರಯಾಣ ಮಾಡಿದರೆ ಏನಾಗಬಹುದು ಎಂದು ವೈದ್ಯರೊಬ್ಬರನ್ನು ಕೇಳಿ ಮೂರನೆಯ ಕಂತಿನಲ್ಲಿ ಹಾಕಿದ್ದೆ. ಆದ್ದರಿಂದ ನನಗೆ ಗೊತ್ತಿರಲಿಲ್ಲ ಎನ್ನುವ ದಾರಿ ಮುಚ್ಚಿದೆ.

ನನ್ನ ತಂದೆ ಹಾಸನದ ಕಡೆಯವರು. ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯಲ್ಲಿ ಎಂಜಿನಿಯರ್ ಕೆಲಸಕ್ಕೆ ಬಂದು ಅಲ್ಲಿನ ಟೌನ್‌ಶಿಪ್‌ನಲ್ಲೇ ಉಳಿದರು. ನಾನು ಮದುವೆಯಾದದ್ದು ವಿಜಯವಾಡದ ತೆಲುಗು ಮನೆಯ ಹುಡುಗಿಯನ್ನು. ಮಾವನಿಗೆ ಅಲ್ಲಿನ ಒನ್ ಟೌನ್ ಪೇಟೆಯಲ್ಲಿ ಸಗಟು ಬಟ್ಟೆ ಅಂಗಡಿಯಿತ್ತು. ಅವರು ಹೋದ ಮೇಲೆ ಅತ್ತೆ ಅದೇ ಊರಿನ ಪಟಮಟ ಬಡಾವಣೆಯಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ಅತ್ತೆಯೊಂದಿಗೆ ನನ್ನ ಮಾತೆಲ್ಲ ತೆಲುಗಿನಲ್ಲಿ. ಮಾತು ಎಂದರೂ ಅದಕ್ಕೊಂದು ಅಳತೆಯಿತ್ತು. ನನ್ನೆದುರು ಅವರು ಕುರ್ಚಿಯಲ್ಲಿ ಕೂತವರಲ್ಲ. ನಾನು ಹಜಾರಕ್ಕೆ ಕಾಲಿಟ್ಟರೆ ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ, ಚೌಕಟ್ಟು ಹಿಡಿದು, ಸೆರಗು ಹೊದ್ದು ನಿಲ್ಲುತ್ತಿದ್ದರು. "ಈ ಕಾಲದಲ್ಲಿ ಇದೆಲ್ಲ ಯಾಕೆ?" ಎಂದು ಹೆಂಡತಿ ರೇಗುತ್ತಿದ್ದಳು. ಆ ಗೌರವ ನನಗೆ ಹಿತವಾಗಿಯೇ ಇತ್ತು.

ಅತ್ತೆಗೆ ಒಬ್ಬಳೇ ಅಕ್ಕ. ಮದುವೆಯಾಗಿ ಕೆನಡಾಕ್ಕೆ ಹೋದವರು. ಹನ್ನೊಂದು ವರ್ಷದ ಹಿಂದೆ ಇವರ ತಾಯಿ ತೀರಿಕೊಂಡಾಗ ಅಕ್ಕ ಬರಲಿಲ್ಲ. ಹತ್ತನೆಯ ದಿನದ ಕರ್ಮ ಮುಗಿಸಿ ಅತ್ತೆ ಫೋನಿನಲ್ಲಿ, "ಅಮ್ಮನ ಮುಖ ನೋಡೋಕೆ ಬರದವಳು ನನಗೆ ಅಕ್ಕ ಅಲ್ಲ. ನಾನು ಸತ್ತಾಗಲೂ ಬರಬೇಡ" ಎಂದು ಹೇಳಿ ಇಟ್ಟುಬಿಟ್ಟರು. ಅಕ್ಕ ಆಗ ತಮ್ಮದೇ ಮೊದಲ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆ ಸೇರಿದ್ದರು, ಊರಿಗೆ ತಿಳಿಸಬೇಡಿ ಎಂದಿದ್ದರು. ಇದು ಗೊತ್ತಾದದ್ದು ವರ್ಷದ ನಂತರ. ಆಮೇಲೆ ಇಬ್ಬರೂ ಹಬ್ಬಕ್ಕೆ ಹಬ್ಬಕ್ಕೆ ಮಾತಾಡಿದರು. ಆ ಮಾತಿನ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ.

ಹೋದ ವರ್ಷ ಅಕ್ಕನ ಮಗಳು ಫೋನ್ ಮಾಡಿದಳು. ಕಾಯಿಲೆ ಮರುಕಳಿಸಿದೆ, ಇನ್ನು ಕೆಲವೇ ವಾರ ಎಂದು ವೈದ್ಯರು ಹೇಳಿದ್ದಾರೆ.

ಪಟಮಟದ ಅಡುಗೆಮನೆಯಲ್ಲಿ ಅತ್ತೆ ನನ್ನ ಹೆಂಡತಿಗೆ ಹೇಳುತ್ತಿದ್ದುದು ಹಜಾರದಲ್ಲಿದ್ದ ನನಗೆ ಕೇಳಿಸಿತು. "ನಾನು ಹೋಗಬೇಕು. ಆ ಮಾತು ವಾಪಸ್ ತಗೋಬೇಕು."

"ಫೋನಲ್ಲೇ ಹೇಳಮ್ಮ. ದೊಡ್ಡಮ್ಮ ಅದನ್ನ ಯಾವಾಗಲೋ ಮರೆತಿರ್ತಾಳೆ."

"ಅವಳು ಮರೆಯಲಿ ಬಿಡಲಿ, ಅಂದವಳು ನಾನು. ಇಂಥದ್ದು ಫೋನಲ್ಲಿ ಆಗಲ್ಲ. ಕಾಲು ಹಿಡ್ಕೊಂಡು ಹೇಳಬೇಕು."

ಅಕ್ಕನ ಮಗಳು ಎರಡು ವರ್ಷದ ಹಿಂದೆಯೇ ಅತ್ತೆಗೆ ವೀಸಾ ಮಾಡಿಸಿದ್ದಳು. ನನಗೆ ಪತ್ರಿಕೆಯ ಕೆಲಸಕ್ಕೆ ಮಾಡಿಸಿದ ಕೆನಡಾ ವೀಸಾದ ಅವಧಿ ಇನ್ನೂ ಉಳಿದಿತ್ತು. ಹೆಂಡತಿಗಾಗಲಿ ಅವಳ ಅಣ್ಣನಿಗಾಗಲಿ ಇರಲಿಲ್ಲ. ಹಾಗಾಗಿ, ಎದುರಿಗೆ ಕುರ್ಚಿಯಲ್ಲೂ ಕೂರದ ಅತ್ತೆ, ಅಳಿಯನ ಮೊಣಕೈಗೆ ಮೊಣಕೈ ತಾಗುವ ಸೀಟಿನಲ್ಲಿ ಹದಿನೈದು ಗಂಟೆ ಕೂತು ಹೋಗುವುದೆಂದು ತೀರ್ಮಾನವಾಯಿತು. ಇದರ ಅರ್ಥವೇನೆಂದು ಯೋಚಿಸಿದವಳು ನನ್ನ ಹೆಂಡತಿ ಒಬ್ಬಳೇ.

ಹೊರಡುವ ದಿನ ವಿಜಯವಾಡದ ವಿಮಾನ ನಿಲ್ದಾಣದ ಬಾಗಿಲಲ್ಲಿ ಅವಳು ನನ್ನನ್ನು ಪಕ್ಕಕ್ಕೆ ಕರೆದಳು. "ಏಮಂಡೀ, ಅಮ್ಮನಿಗೆ ನೀರು ಬೇಕಾ ಅಂತ ಕೇಳಬೇಡಿ. ಕೇಳಿದರೆ ಬೇಡ ಅಂತಾಳೆ. ಸುಮ್ಮನೆ ಕೈಗೆ ಕೊಟ್ಟುಬಿಡಿ. ಮತ್ತೆ..."

"ಮತ್ತೆ?"

"ಎರಡು ಮೂರು ಗಂಟೆಗೊಮ್ಮೆ ಎಬ್ಬಿಸಿ ಆ ಕಡೆ ಕಳಿಸಿ."

"ಅದನ್ನ ನಾನು ಹೇಗೇ ಹೇಳೋದು?"

"ನೀವು ಹೇಳಬೇಡಿ ಮಹರಾಯರೇ. ಗಗನಸಖಿಗೆ ಹೇಳಿ, ಅವಳು ಕರ್ಕೊಂಡು ಹೋಗ್ತಾಳೆ."

ಆಗಲಿ ಎಂದೆ.

ದೆಹಲಿಯಿಂದ ಹೊರಟ ಆ ವಿಮಾನ ಹೊಚ್ಚ ಹೊಸದು. ಭಾನುವಾರದ ಪುಟಕ್ಕೆ ಅದರ ಬಗ್ಗೆ ಬರೆಯಿರಿ ಎಂದು ನಮ್ಮ ಸಂಪಾದಕರು ಹೇಳಿದ್ದರು. "ಇಕಾನಮಿಯಲ್ಲಿ ಕೂತವನ ಕಣ್ಣಿನಿಂದ ಬರೀರಿ. ಅತ್ತೆಯವರನ್ನೂ ಒಂದೆಡೆ ತನ್ನಿ, ಓದೋರಿಗೆ ಇಷ್ಟವಾಗುತ್ತೆ." ನಾನು ಪುಸ್ತಕ ತೆಗೆದು, ಬಾಗಿಲು ಮುಚ್ಚಿದ ಹೊತ್ತಿನಿಂದಲೇ ಟಿಪ್ಪಣಿ ಶುರುಮಾಡಿದೆ. ಹಳೆಯ ವಿಮಾನಗಳಿಗಿಂತ ಸದ್ದು ಕಡಿಮೆ. ಗಾಳಿಯಲ್ಲಿ ತೇವ ಹೆಚ್ಚು, ಗಂಟಲು ಒಣಗುವುದಿಲ್ಲ ಎಂದು ಕಂಪನಿಯವರ ಹೇಳಿಕೆ. ಚಾವಣಿಯ ದೀಪ ಹೊತ್ತಿಗೆ ತಕ್ಕಂತೆ ಕಿತ್ತಳೆಯಿಂದ ನೇರಳೆಗೆ ತಿರುಗುತ್ತದೆ. ಸಾಲಿಗೆ ಒಂಬತ್ತು ಸೀಟು. ಮೊಣಕಾಲಿಗೂ ಮುಂದಿನ ಸೀಟಿಗೂ ನಡುವೆ ನನ್ನ ಅಂಗೈಯಷ್ಟು ಜಾಗ. ವಿಮಾನ ಹೊಸದಾದಂತೆ ಸೀಟು ಕಿರಿದಾಗಿದೆ ಎಂದೂ ಬರೆದುಕೊಂಡೆ. ಇದನ್ನು ಆಮೇಲೆ ಸಂಪಾದಕರು ತೆಗೆದುಹಾಕಿದರು.

ಅತ್ತೆಗೆ ಕಿಟಕಿ ಸೀಟು ಕೇಳಿ ಪಡೆದಿದ್ದೆ. ಅದು ನನ್ನ ದೊಡ್ಡ ಉಪಕಾರವೆಂದು ಭಾವಿಸಿದ್ದೆ. ನಡುವಿನ ಸೀಟು ನನ್ನದು. ಓಡಾಡುವ ದಾರಿಯ ಪಕ್ಕದಲ್ಲಿ ಒಬ್ಬ ದಪ್ಪ ಯುವಕ. ವಿಮಾನ ಏರುವ ಮೊದಲೇ ಕಂಬಳಿಯನ್ನು ತಲೆವರೆಗೆ ಎಳೆದುಕೊಂಡು ನಿದ್ದೆ ಹೋದ. ಅತ್ತೆ ಗೋಡೆಗೆ ಒತ್ತಿಕೊಂಡು, ಸೆರಗಿನಿಂದ ಎರಡೂ ತೋಳು ಮುಚ್ಚಿ, ಕೈಗಳನ್ನು ತೊಡೆಯ ಮೇಲಿಟ್ಟು ಕೂತರು. ನಮ್ಮಿಬ್ಬರ ನಡುವಿನ ಕೈಯಿಡುವ ಪಟ್ಟಿಯನ್ನು ಹದಿನೈದು ಗಂಟೆಯಲ್ಲಿ ಒಮ್ಮೆಯೂ ಮುಟ್ಟಲಿಲ್ಲ.

ಆ ವಿಮಾನದ ಕಿಟಕಿಗೆ ಎಳೆಯುವ ಮುಚ್ಚಳವಿಲ್ಲ. ಕೆಳಗೊಂದು ಗುಂಡಿ, ಒತ್ತಿದರೆ ಗಾಜೇ ಕಪ್ಪುನೀಲಿಯಾಗುತ್ತದೆ. ಅತ್ತೆ ಎರಡು ಗಂಟೆ ಮೋಡ ನೋಡಿದರು. ಊಟವಾದ ಮೇಲೆ ಸಿಬ್ಬಂದಿ ಎಲ್ಲೋ ಒಂದು ಕಡೆಯಿಂದ ಎಲ್ಲ ಕಿಟಕಿಗಳನ್ನೂ ಒಟ್ಟಿಗೆ ಕತ್ತಲು ಮಾಡಿದರು. ಹೊರಗೆ ಸುಡುಬಿಸಿಲು.

"ನಾನೇನೂ ಮುಟ್ಟಲಿಲ್ಲ, ಅಲ್ಲುಡುಗಾರೂ," ಎಂದರು ಗಾಬರಿಯಿಂದ.

"ಅವರೇ ಮಾಡಿದ್ದು ಅತ್ತಯ್ಯ. ಎಲ್ಲರೂ ಮಲಗಲಿ ಅಂತ."

"ಮಧ್ಯಾಹ್ನವೇ?" ಎಂದು ಗುಂಡಿ ಒತ್ತಿನೋಡಿದರು. ಏನೂ ಆಗಲಿಲ್ಲ. "ಮನೆ ಕಿಟಕಿ ಪಕ್ಕದ ಮನೆಯವರು ಮುಚ್ಚಿದ ಹಾಗಾಯ್ತು." ಆಮೇಲೆ ಎದುರಿನ ಪರದೆಯಲ್ಲಿ ವಿಮಾನದ ನಕ್ಷೆ ಹಾಕಿಸಿಕೊಂಡು ಅದನ್ನೇ ನೋಡುತ್ತ ಕೂತರು. ಆಗಾಗ "ಇನ್ನೆಷ್ಟು ದೂರ?" ಎನ್ನುವರು. ನಾನು ಓದಿ ಹೇಳುವೆ. "ಅಷ್ಟರವರೆಗೆ ಇರ್ತಾಳೆ ಬಿಡಿ," ಎಂದು ತಮಗೆ ತಾವೇ ಹೇಳಿಕೊಳ್ಳುವರು.

ಬಾಗಿಲಲ್ಲಿ ಸ್ವಾಗತಿಸಿದ ಗಗನಸಖಿಗೆ ನಾನು ಏನೂ ಹೇಳಲಿಲ್ಲ. ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಆಮೇಲೆ ಟಿಪ್ಪಣಿ ಮಾಡುತ್ತಿದ್ದೆ. ನೀರಿನ ತಟ್ಟೆ ಬಂದಾಗಲೆಲ್ಲ "ಏನಾದರೂ ಬೇಕಾ ಅತ್ತಯ್ಯ?" ಎಂದು ಕೇಳಿದೆ. ಹೆಂಡತಿ ಕೇಳಬೇಡಿ ಎಂದದ್ದನ್ನೇ ಕೇಳಿದೆ. "ಏನೂ ಬೇಡ" ಎಂದರು. ನಾನು ಯುವಕನನ್ನು ಎಬ್ಬಿಸಿ ಮೂರು ಸಲ ಶೌಚಾಲಯಕ್ಕೆ ಹೋಗಿಬಂದೆ. ಕೈ ಬೀಸಿದರೆ ನೀರು ಬರುವ ನಲ್ಲಿಯ ಬಗ್ಗೆ ಒಂದು ಪ್ಯಾರಾ ಬರೆದೆ. ಅತ್ತೆ ಏಳಬೇಕೆಂದರೆ ಇಬ್ಬರು ಗಂಡಸರು ಎದ್ದು ನಿಲ್ಲಬೇಕಿತ್ತು, ಅದರಲ್ಲಿ ಒಬ್ಬ ಅಳಿಯ. ಅವರು ಏಳಲಿಲ್ಲ.

ಗಮನಿಸಲಿಲ್ಲ ಎಂದರೂ ಸುಳ್ಳಾಗುತ್ತದೆ. ನನ್ನ ಲೇಖನದಲ್ಲಿ ಈ ವಾಕ್ಯವಿದೆ: 'ಮೊದಲ ಬಾರಿಗೆ ವಿದೇಶಕ್ಕೆ ಹೊರಟ ಹಿರಿಯ ಮಹಿಳೆಯೊಬ್ಬರು ಎಷ್ಟು ತನ್ಮಯರಾಗಿದ್ದರೆಂದರೆ, ಹದಿನೈದು ಗಂಟೆಯಲ್ಲಿ ಒಮ್ಮೆಯೂ ಸೀಟು ಬಿಟ್ಟು ಏಳಲಿಲ್ಲ.' ಚೆನ್ನಾಗಿ ಬಂತು ಎಂದುಕೊಂಡು ಅಡಿಗೆರೆ ಹಾಕಿದ್ದೆ.

ಇಳಿದಾಗ ಅತ್ತೆಯ ಎಡಗಾಲು ಚಪ್ಪಲಿಯೊಳಗೆ ಹೋಗಲಿಲ್ಲ. ಎರಡನ್ನೂ ಕೈಯಲ್ಲಿ ಹಿಡಿದು, ನಡುಗಿಸುವ ಚಳಿಯ ದೇಶದಲ್ಲಿ ಬರಿಗಾಲಲ್ಲಿ ನಡೆದರು. "ಕೂತು ಕೂತು ಜೋಮು ಹಿಡಿದಿದೆ, ನಡೀರಿ," ಎಂದರು. ಲಗೇಜು ಬರುವ ತನಕ ಬಿಡುವಿತ್ತು. ನಾನು ಬೆಲ್ಟಿನ ಪಕ್ಕ ನಿಂತು ಲೇಖನವನ್ನು ಪತ್ರಿಕೆಗೆ ಕಳಿಸಿದೆ.

ಅಕ್ಕನ ಮಗಳು ಕಾರು ತಂದಿದ್ದಳು. ನೇರ ಅಕ್ಕನಿದ್ದ ಆಸ್ಪತ್ರೆಗೆ ಹೋಗುವುದೆಂದಾಗಿತ್ತು. ಅರ್ಧ ದಾರಿಯಲ್ಲಿ ಅತ್ತೆಗೆ ಉಸಿರು ಸಿಗದಾಯಿತು. ಎದೆ ಒತ್ತಿಕೊಂಡು "ಕಿಟಕಿ ತೆಗೀರಿ" ಎಂದರು. ಹತ್ತಿರ ಸಿಕ್ಕ ಬೇರೊಂದು ಆಸ್ಪತ್ರೆಗೆ ನುಗ್ಗಿದೆವು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತದ ತುಣುಕು ಶ್ವಾಸಕೋಶಕ್ಕೆ ಹೋಗಿತ್ತು.

ಯುವ ವೈದ್ಯೆಯೊಬ್ಬಳು ಕೇಳಿದಳು. ದಾರಿಯಲ್ಲಿ ಎಷ್ಟು ನೀರು ಕುಡಿದರು? ಎಷ್ಟು ಸಲ ಎದ್ದು ಓಡಾಡಿದರು? ವಿಮಾನ ಎಷ್ಟು ಹೊತ್ತಿಗೆ ಯಾವ ದೀಪ ಹಾಕಿತೆಂದು ಕೇಳಿದ್ದರೆ ನಿಮಿಷ ಸಮೇತ ಹೇಳುತ್ತಿದ್ದೆ. "ಎರಡು ಗುಟುಕು. ಏಳಲೇ ಇಲ್ಲ," ಎಂದೆ. ಅವಳು ಬರೆದುಕೊಂಡಳು. ವಯಸ್ಸು, ಮೈಪ್ರಕೃತಿ, ಪ್ರಯಾಣ ಎಲ್ಲ ಸೇರಿ ಹೀಗಾಗುತ್ತದೆ, ಇದೊಂದೇ ಕಾರಣ ಎನ್ನಲಾಗದು ಎಂದಳು. ಅವಳು ಹೇಳಿದ್ದನ್ನು ಹಾಗೆಯೇ ದಾಖಲಿಸಿದ್ದೇನೆ. ಅದರಿಂದ ನನಗೆ ಸಮಾಧಾನವೇನೂ ಆಗಿಲ್ಲ.

ಅತ್ತೆಯನ್ನು ಹಾಸಿಗೆಯಿಂದ ಕದಲಿಸುವಂತಿರಲಿಲ್ಲ. ಅಕ್ಕನ ಆಸ್ಪತ್ರೆ ಕಾರಿನಲ್ಲಿ ಇಪ್ಪತ್ತು ನಿಮಿಷ. ಪ್ರತಿದಿನ ಬೆಳಿಗ್ಗೆ "ಇವತ್ತು ಬಿಡ್ತಾರಾ?" ಎಂದು ಕೇಳುವರು. ನಾಳೆ ಎನ್ನುವೆ. ಎರಡನೆಯ ದಿನ ಭಾನುವಾರ, ಲೇಖನ ಅಚ್ಚಾಯಿತು. ಹೆಂಡತಿಯ ಅಣ್ಣ ಅದರ ಚಿತ್ರ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ್ದ. ಪಟಮಟದ ನೆಂಟರೆಲ್ಲ ಹೂವು, ಕೈಮುಗಿದ ಚಿತ್ರ ಕಳಿಸಿದ್ದರು. ಒಬ್ಬರು, 'ಅತ್ತಗಾರು ಏಳಲೇ ಇಲ್ಲವಂತೆ, ವಿಮಾನ ಅಷ್ಟು ಸುಖವಾಗಿದೆ' ಎಂದು ಬರೆದಿದ್ದರು. ಅದನ್ನು ಓದುವ ಹೊತ್ತಿಗೆ ನನ್ನ ಹೆಂಡತಿಗೆ ಮಾತ್ರ ಆಸ್ಪತ್ರೆಯ ಸುದ್ದಿ ಗೊತ್ತಿತ್ತು. ಅವಳು ಗುಂಪಿನಲ್ಲಿ ಏನೂ ಬರೆಯಲಿಲ್ಲ. ನನಗೂ ಏನೂ ಬರೆಯಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅಕ್ಕನ ಮಗಳ ಕರೆ ಬಂತು. "ಬಾವಗಾರೂ, ಅಮ್ಮನಿಗೆ ಈಗ ಎಚ್ಚರ ಇದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಚಿಕ್ಕಮ್ಮನಿಗೆ ಕೊಡಿ, ಮುಖ ತೋರಿಸ್ತೀನಿ."

ಅತ್ತೆಯ ಒಂದು ಕೈಗೆ ಸೂಜಿ ಚುಚ್ಚಿದ್ದರು. ಫೋನನ್ನು ನಾನೇ ಹಿಡಿದೆ. ಅವರು ಮೊದಲು ಮಾಡಿದ ಕೆಲಸವೆಂದರೆ ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡದ್ದು. ಮೈಮೇಲೆ ಸೀರೆಯಿರಲಿಲ್ಲ, ಆಸ್ಪತ್ರೆಯ ಅಂಗಿಯಿತ್ತು. ಪರದೆಯಲ್ಲಿ ದಿಂಬಿಗೆ ಒರಗಿದ ಪುಟ್ಟ ಮುಖ.

"ವಚ್ಚಾವಾ ಚೆಲ್ಲೀ?" ಎಂದರು ಅಕ್ಕ. ಬಂದೆಯಾ ತಂಗಿ ಎಂದು.

ಅತ್ತೆ ಬಾಯಿ ತೆರೆದರು. ಅಕ್ಕನನ್ನು ನೋಡಿದರು. ನಂತರ ನನ್ನನ್ನು ನೋಡಿದರು. ಫೋನು ಸರಿಯಾಗಿ ಕಾಣುತ್ತಿಲ್ಲವೇನೋ ಎಂದು ನಾನು ಇನ್ನೊಂದು ಹೆಜ್ಜೆ ಹತ್ತಿರ ಬಂದೆ.

"ತಿಂದೆಯಾ ಅಕ್ಕ?" ಎಂದರು ಅತ್ತೆ.

"ತಿಂದೆ. ಕಾಲಿಗೆ ಏನೋ ಆಯ್ತಂತೆ?"

"ಏನಿಲ್ಲ. ಕೂತಿದ್ದು ಜಾಸ್ತಿಯಾಯ್ತು."

ಅಕ್ಕ ಹಲ್ಲಿಲ್ಲದ ಬಾಯಲ್ಲಿ ನಕ್ಕರು. "ನೀನು ನೀರೇ ಕುಡಿದಿರೋದಿಲ್ಲ. ಚಿಕ್ಕವಳಿದ್ದಾಗಲೂ ಹೀಗೇ. ಬಸ್ಸು ಅಂದರೆ ಬಾಯಿಗೆ ಬೀಗ."

ಅತ್ತೆ ಮತ್ತೊಮ್ಮೆ ನನ್ನ ಕಡೆ ನೋಡಿ, ಕಣ್ಣು ತಗ್ಗಿಸಿದರು. "ಮಾತ್ರೆ ತಗೊಂಡೆಯಾ?" ಎಂದು ಕೇಳಿದರು. ಅಕ್ಕ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತು ಉಸಿರಾಟದ ಸದ್ದು ಕೇಳಿಸಿತು. ಮರುದಿನ ಬೆಳಿಗ್ಗೆ ಹೋದರು.

ಆ ಹಾಸಿಗೆಯ ಪಕ್ಕದಲ್ಲಿ ಚಕ್ರದ ಮೇಲೆ ಓಡಾಡುವ ಊಟದ ಮೇಜಿತ್ತು. ಫೋನನ್ನು ನೀರಿನ ಜಗ್ಗಿಗೆ ಒರಗಿಸಿಟ್ಟು ನಾನು ಹೊರಗೆ ಹೋಗಬಹುದಿತ್ತು. ಇದು ನನಗೆ ಹೊಳೆದದ್ದು ಅಂತ್ಯಕ್ರಿಯೆಯ ದಿನ. ಅತ್ತೆ ಗಾಲಿಕುರ್ಚಿಯಲ್ಲಿ ಬಂದು ಮುಚ್ಚಿದ ಶವಪೆಟ್ಟಿಗೆಯ ತಲೆಯ ಕಡೆ ಕೂತಿದ್ದಾಗ. ಕಾಲು ಯಾವ ಕಡೆ ಎಂದು ಅವರು ಅಕ್ಕನ ಮಗಳನ್ನು ಕೇಳಿದರು. ಅವಳು ತೋರಿಸಿದಳು. ಅಷ್ಟರಲ್ಲಿ ಅಲ್ಲಿಯವರು ಬಂದು ಸಮಯವಾಯಿತು ಎಂದರು.

ಆರು ವಾರದ ನಂತರ ಪಟಮಟಕ್ಕೆ ಮರಳಿದೆವು. ನೆಂಟರು ಬಂದು ಮಾತಾಡಿಸಿ ಹೋದರು. ಎಲ್ಲರೂ ಹೋದ ಮೇಲೆ ಹೆಂಡತಿ ತಾಯಿಯ ಊದಿದ ಕಾಲಿಗೆ ಬಿಗಿಯಾದ ಉದ್ದನೆಯ ಕಾಲುಚೀಲ ಏರಿಸುತ್ತ ಕೇಳಿದಳು: "ದೊಡ್ಡಮ್ಮನಿಗೆ ಹೇಳಿದೆಯಾ ಅಮ್ಮ, ಆ ಮಾತು?"

"ಹೇಳಿದೆ," ಎಂದರು ಅತ್ತೆ. "ನಕ್ಕಳು."

ಹೆಂಡತಿ ತಲೆಯೆತ್ತಿ ನನ್ನತ್ತ ನೋಡಿದಳು. ಅತ್ತೆಯೂ ನೋಡಿದರು.

"ಹೌದು," ಎಂದೆ. "ನಾನು ಅಲ್ಲೇ ಇದ್ದೆ."